ಸಮುದ್ರ ಸಿಗದವನ ಹೊಟ್ಟೆಕಿಚ್ಚು

ಬೇರೆಯವರ ಬದುಕಿನಲ್ಲಿ ಹಬ್ಬಕ್ಕೋ ಮದುವೆಗೋ ಒಮ್ಮೆ ನಡೆಯುವ ತಮಾಷೆ ನನ್ನ ಕೆಲಸದಲ್ಲಿ ವಾರವಾರವೂ ನಡೆಯುತ್ತದೆ. ವ್ಯತ್ಯಾಸ ಇಷ್ಟೇ, ನಗುವವರು ಪ್ರತಿ ಸಲ ಬೇರೆ ಬೇರೆ, ನಗೆಪಾಟಲಾಗುವವನು ಮಾತ್ರ ನಾನೊಬ್ಬನೇ.

ನಾನು ನಕ್ಷೆ ಬರೆಯುವವನು. ಕೊಳ್ಳೇಗಾಲದ ಒಂದು ಸಣ್ಣ ಕಚೇರಿಯಲ್ಲಿ ಕೂತು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಊರುಗಳಲ್ಲಿ ಎಲ್ಲಿ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಬರೀ ಬೇಸಾಯ ಅಂತ ಬಣ್ಣ ತುಂಬುವುದು ನನ್ನ ಉದ್ಯೋಗ. ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಬೇಸಾಯಕ್ಕೆ ಹಸಿರು. ನಾನು ಹಳದಿ ಬಳಿದಲ್ಲಿ ಜನ ಹಿಟ್ಟಿನ ಗಿರಣಿ ಹಾಕುತ್ತಾರೆ. ಹಸಿರು ಬಳಿದಲ್ಲಿ ಕಲ್ಯಾಣ ಮಂಟಪ ಕಟ್ಟಿ ಉದ್ಘಾಟನೆಗೆ ನನ್ನನ್ನೇ ಕರೆಯುತ್ತಾರೆ. ನಾನೂ ಹೋಗಿ ಪಾಯಸ ಕುಡಿದು ಬರುತ್ತೇನೆ. ಇದರಲ್ಲಿ ನನಗೆ ಬೇಜಾರಿಲ್ಲ.

ಬೇಜಾರಿರುವುದು ನನ್ನ ಗೆಳೆಯನ ವಿಷಯದಲ್ಲಿ. ಅವನು ಹನೂರಿನ ಪಕ್ಕದ ಹಳ್ಳಿಯವನು. ಪಾಲಿಟೆಕ್ನಿಕ್‌ನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ನನ್ನ ಸ್ಕೇಲಿನಲ್ಲಿ ಗೆರೆ ಎಳೆದು, ನನ್ನ ರಬ್ಬರಿನಲ್ಲಿ ಅಳಿಸಿ, ನನ್ನ ಹಾಳೆ ನೋಡಿ ಬರೆದು ಪಾಸಾದವನು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದೆವು. ಅವನಿಗೆ ಕರಾವಳಿ ಬಿತ್ತು, ನನಗೆ ಕೊಳ್ಳೇಗಾಲ. ಅವನೂ ಬಣ್ಣ ಬಳಿಯುವವನೇ, ಆದರೆ ಅವನ ನಕ್ಷೆಯ ಒಂದು ಮಗ್ಗುಲಲ್ಲಿ ಸಮುದ್ರ ಇದೆ. ನನ್ನ ನಕ್ಷೆಯ ನಾಲ್ಕೂ ಮಗ್ಗುಲಲ್ಲಿ ಬೇರೆ ತಾಲೂಕುಗಳಿವೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಕಾಲಿನ ಫೋಟೋ

ಕರಾವಳಿಗೆ ಹೋದ ಹೊಸದರಲ್ಲೇ ಅವನು ‘ಎಂತ ಮಾರಾಯ’ ಅನ್ನಲು ಶುರು ಮಾಡಿದ. ಹುಟ್ಟಿದಾಗಿನಿಂದ ‘ಏನ್ಲಾ’ ಅಂದ ಬಾಯಿ ಅದು. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಅವನು ಬೆಳಗ್ಗೆ ಬೆಳಗ್ಗೆ ಕಳಿಸುವ ಫೋಟೋ. ಅದರಲ್ಲಿ ಅವನ ಮುಖ ಇರುವುದಿಲ್ಲ. ಮರಳು, ನೊರೆ, ನೊರೆಯೊಳಗೆ ಅವನ ಎರಡು ಪಾದ ಮಾತ್ರ. ಕೆಳಗೆ ‘ಫೀಲ್ಡ್ ವರ್ಕ್’ ಅಂತ ಬರೆದಿರುತ್ತಾನೆ. ಅದು ಬರುವ ಹೊತ್ತಿಗೆ ನಾನು ಸಾಮಾನ್ಯವಾಗಿ ಹನೂರು ರಸ್ತೆಯಲ್ಲಿ ಯಾವುದೋ ಚರಂಡಿ ದಾಟುತ್ತಿರುತ್ತೇನೆ.

ಒಂದು ದಿನ ತಡೆಯಲಾಗಲಿಲ್ಲ. ನಮಗೆ ಕಾವೇರಿ ಇಲ್ಲವಾ ಅನಿಸಿತು. ನನ್ನ ಜೊತೆ ಅಳತೆಯ ಟೇಪು ಹಿಡಿಯಲು ಬರುವವನು ರಾಮಾಪುರದವನು. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಟೇಪಿಗಿಂತ ಉದ್ದ ನಾಲಿಗೆ. ಅವನನ್ನು ಕರೆದುಕೊಂಡು ಹೊಳೆ ದಂಡೆಗೆ ಹೋದೆ. ಪ್ಯಾಂಟು ಮಡಚಿ, ಸೊಂಟದ ಮೇಲೆ ಕೈ ಇಟ್ಟು, ನೀರಿಗಿಳಿದು ನಿಂತೆ.

‘ನಗಬೇಕಾ ಸಾ?’ ಅಂದ ಟೇಪಿನವನು.

‘ನೀನ್ಯಾಕೆ ನಗಬೇಕು? ಫೋಟೋ ತೆಗಿ.’

ಅವನು ತೆಗೆದ. ನಾನು ನೋಡದೆ ಅವಸರದಲ್ಲಿ ಕಳಿಸಿಬಿಟ್ಟೆ. ಕರಾವಳಿಯಿಂದ ತಕ್ಷಣ ಉತ್ತರ ಬಂತು: ‘ಎಮ್ಮೆ ಚಂದ ಉಂಟು ಮಾರಾಯ. ಪಕ್ಕದಲ್ಲಿ ನಿಂತದ್ದು ಯಾರು?’

ನಮ್ಮೂರ ಬಂದರು

ಈ ಮೂರು ತಾಲೂಕಿನ ಒಂದು ಊರಿನಲ್ಲಿ ನಡೆದದ್ದು ಇದು. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ನಾಳೆ ಬಸ್ ಸ್ಟಾಂಡಿನಲ್ಲಿ ನನ್ನನ್ನು ಹಿಡಿದುಕೊಳ್ಳುತ್ತಾರೆ.

ಆ ಊರಿನ ಮುಂದಿನ ಬೆಳವಣಿಗೆಗೆ ಯೋಜನೆ ಬರೆದುಕೊಡಿ ಅಂತ ಹೊರಗಿನ ಒಂದು ಕಂಪನಿಗೆ ಕೆಲಸ ವಹಿಸಿದ್ದರು. ಕಂಪನಿಯವರು ಅದಕ್ಕೂ ಮೊದಲು ಕರಾವಳಿಯ ಯಾವುದೋ ಪಟ್ಟಣಕ್ಕೆ ಯೋಜನೆ ಬರೆದಿದ್ದರು. ಅದನ್ನೇ ತೆಗೆದುಕೊಂಡು ಊರಿನ ಹೆಸರು ಬದಲಾಯಿಸಿ ಕೊಟ್ಟುಬಿಟ್ಟರು. ಅದನ್ನು ಪಟ್ಟಣ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಓದುವ ಯೋಗ ನನ್ನದಾಯಿತು. ರಸ್ತೆ, ನೀರು, ಸ್ಮಶಾನ ಎಲ್ಲ ಸರಿಯಾಗಿ ಸಾಗಿತು. ಆಮೇಲೆ ನನ್ನ ಬಾಯಿಂದಲೇ ಬಂತು: ‘ಪಟ್ಟಣದ ಪಶ್ಚಿಮಕ್ಕೆ ಮೀನುಗಾರಿಕಾ ಬಂದರಿಗೂ ದೋಣಿ ರಿಪೇರಿಗೂ ಜಾಗ ಕಾಯ್ದಿರಿಸಲಾಗಿದೆ.’

ಪಟ್ಟಣದ ಪಶ್ಚಿಮಕ್ಕೆ ಇರುವುದು ಹುರುಳಿ ಹೊಲ. ನಾನು ನಾಲಿಗೆ ಕಚ್ಚಿಕೊಂಡೆ. ‘ಇದು ಕಣ್ತಪ್ಪಿನಿಂದ ಬಂದಿದೆ. ತೆಗೆದುಹಾಕುತ್ತೇವೆ’ ಅಂದೆ.

ಮುಂದಿನ ಸಾಲಿನ ಸದಸ್ಯರೊಬ್ಬರು ಎದ್ದು ನಿಂತರು. ‘ಯಾಕ್ ಸಾ ತೆಗೆಯದು?’

‘ನಮ್ಮಲ್ಲಿ ಸಮುದ್ರ ಇಲ್ಲವಲ್ಲ.’

‘ಅದು ಬುಡಿ. ಪಕ್ಕದ ಊರಿನ ಪ್ಲಾನಲ್ಲಿ ಬಂದರು ಅದಾ?’

‘ಇಲ್ಲ.’

‘ಅಂಗಾರೆ ಇರ್ಲಿ ಬುಡಿ ಸಾ!’

ಅವರ ಹಿಂದೆ ಕೂತಿದ್ದವರೂ ಎದ್ದರು. ‘ಡಿಪೋ ಅವ್ರಿಗೇ ಓಯ್ತು, ಕಾಲೇಜು ಅವ್ರಿಗೇ ಓಯ್ತು. ದೇವ್ರು ಕಣ್ ಬುಟ್ಟು ಬಂದರು ಒಂದು ನಮ್ಗೆ ಬಂದದೆ. ಅದ್ನೂ ಕಿತ್ಕತೀರಾ?’ ಅಂತ ಮೇಜು ಗುದ್ದಿದರು. ಮೂಲೆಯಲ್ಲಿದ್ದ ಸದಸ್ಯೆಯೊಬ್ಬರಿಗೆ ಬೇರೆಯದೇ ಸಿಟ್ಟು. ‘ಬಂದರನ್ನ ಪಶ್ಚಿಮದ ವಾರ್ಡಿಗೇ ಯಾಕೆ ಕೊಟ್ರಿ? ನಮ್ಮ ವಾರ್ಡಿನಲ್ಲಿ ಜನ ಇಲ್ವಾ?’

ಬಂದರಿನ ಮೇಲೆ ಒಂದು ಗಂಟೆ ಜಗಳವಾಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಪಕ್ಕದವನಿಗೆ ಇದ್ದು ನಮಗಿಲ್ಲದ್ದರ ಉರಿ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಎಲ್ಲರೂ ಒಮ್ಮತಕ್ಕೆ ಬಂದರು. ಬಂದರನ್ನು ಹಾಗೆಯೇ ಉಳಿಸಿಕೊಳ್ಳುವುದು, ಸಮುದ್ರದ ವಿಷಯವನ್ನು ಮುಂದಿನ ಸಭೆಯಲ್ಲಿ ತೆಗೆದುಕೊಳ್ಳುವುದು.

ಹಳದಿ ಮನೆಯ ವಾಸಿಗಳು

ಗೆಳೆಯ ಒಮ್ಮೆ ರಜೆಗೆ ಬಂದ. ಕೂಲಿಂಗ್ ಗ್ಲಾಸು, ಮೈತುಂಬ ಸೆಂಟು. ಅದೂ ಎಂಥ ಸೆಂಟು! ಅವನು ಬಸ್ಸಿನಿಂದ ಇಳಿಯುವ ಮೊದಲೇ ವಾಸನೆ ಇಳಿದಿತ್ತು. ‘ನಿನ್ನ ಫೀಲ್ಡು ನೋಡುವ ಮಾರಾಯ’ ಅಂದ. ಯಳಂದೂರಿನ ಕಡೆ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಮನೆಯನ್ನು ನಕ್ಷೆಯಲ್ಲಿ ಹಳದಿ ಮಾಡಬೇಕಾ, ನೇರಳೆ ಮಾಡಬೇಕಾ ಅನ್ನುವ ತಕರಾರಿತ್ತು. ರೇಷ್ಮೆ ಹುಳು ಸಾಕುವ ಮನೆ. ನಡುಮನೆ, ಕೋಣೆ, ಅಟ್ಟ, ಎಲ್ಲದರಲ್ಲೂ ಹುಳುಗಳು ತಟ್ಟೆ ತುಂಬ ಹಾಸಿಕೊಂಡಿದ್ದವು. ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು. ವಾಸದ ಮನೆ ಹೌದು, ಆದರೆ ವಾಸ ಮಾಡುತ್ತಿದ್ದವರು ಹುಳುಗಳು.

ಮನೆಯ ಹೆಂಗಸು ಬಾಗಿಲಲ್ಲೇ ನಮ್ಮನ್ನು ತಡೆದಳು. ‘ಮೂರ್ನೇ ಜ್ವರ ಎದ್ದವೆ ಸಾ, ಈಗ ಅಸ್ಕಂಡವೆ’ ಅಂದಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರ ಬಿಟ್ಟೆದ್ದ ಹುಳುವಿನ ಹಸಿವೂ ಹೆಚ್ಚು, ನಾಜೂಕೂ ಹೆಚ್ಚು. ಒಗ್ಗರಣೆ ಘಾಟು, ಬೀಡಿ ಹೊಗೆ, ಸೆಂಟು ಯಾವುದೂ ಆಗುವುದಿಲ್ಲ. ಅವಳು ನಮ್ಮಿಬ್ಬರನ್ನೂ ಮೂಸಿ ನೋಡಿದಳು ಅಂತಲೇ ಹೇಳಬೇಕು. ನನ್ನ ಕಡೆ ತಿರುಗಿ, ‘ನೀವು ಬನ್ನಿ ಸಾ, ನಿಮ್ಮಲ್ಲೇನೂ ಇಲ್ಲ’ ಅಂದಳು. ಗೆಳೆಯನಿಗೆ, ‘ನೀವು ಒಳೀಕೆ ಬರಂಗಿಲ್ಲ’ ಅಂದಳು.

ನನಗಾದ ಆನಂದ ಹೇಳತೀರದು. ಅವನಿಗಿಲ್ಲದ ಪ್ರವೇಶ ನನಗೆ! ಕೈಕಾಲು ತೊಳೆದು ಎದೆ ಸೆಟೆಸಿಕೊಂಡು ಒಳಗೆ ಹೋದೆ. ಹೋದ ಮೇಲೆ ಗೊತ್ತಾಯಿತು. ‘ಎಂಗೂ ಬಂದಿದ್ದೀರಿ, ಆ ಸೊಪ್ಪಿನ ಪುಟ್ಟಿ ಇತ್ಲಾಗ್ ತನ್ನಿ ಸಾ’ ಅಂದಳು. ತಂದೆ. ಇನ್ನೊಂದು ಪುಟ್ಟಿ ಅಂದಳು. ಅದನ್ನೂ ತಂದೆ. ಅಟ್ಟದ ಮೇಲಿನ ತಟ್ಟೆಗಳಿಗೂ ಕೈ ಎಟುಕುವವರು ನೀವೇ ಅಂದಳು. ಬೆವರು ಸುರಿಸಿಕೊಂಡು ಹೊರಗೆ ಬಂದಾಗ ಗೆಳೆಯ ಜಗಲಿಯ ಚಾಪೆಯ ಮೇಲೆ ಗೋಡೆಗೊರಗಿ ಕೂತು ಎದುರು ಮನೆಯಿಂದ ಬಂದ ಅವರೆಕಾಳು ಉಪ್ಪಿಟ್ಟು ತಿನ್ನುತ್ತಿದ್ದ. ಮನೆಯ ಯಜಮಾನ, ಅವನ ತಾಯಿ, ಎದುರು ಮನೆಯವರು ಎಲ್ಲ ಸುತ್ತ ಕೂತು ಸಮುದ್ರದ ಅಲೆ ಎಷ್ಟೆತ್ತರ ಏಳುತ್ತದೆ ಅಂತ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

‘ನನಗೂ ಉಪ್ಪಿಟ್ಟು ಇದೆಯಾ?’ ಅಂದೆ.

‘ನಿಮ್ಗೆ ಕೊಡಂಗಿಲ್ಲ ಸಾ’ ಅಂದಳು ಹೆಂಗಸು. ‘ಒಗ್ಗರಣೆ ವಾಸ್ನೆ ಬಂದ್ಬುಟ್ರೆ ಸಾಯಂಕಾಲದ ಸೊಪ್ಪು ಆಕೋರು ಯಾರು?’

ಲುಂಗಿ ಉಟ್ಟ ನಕ್ಷೆ

ಹೀಗಿರುವಾಗ ಒಂದು ದಿನ ಗೆಳೆಯನೇ ಫೋನು ಮಾಡಿದ. ಕರಾವಳಿಯ ಅವನ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿದೆ, ನಕ್ಷೆ ಬರೆಯುವವನದೇ ಜಾಗ. ಆದರೆ ನೀರಿನ ಅಂಚಿನಲ್ಲಿ ಭೂಮಿಯ ಬಳಕೆ ಹೇಗಿರಬೇಕು ಅಂತ ಒಂದಾದರೂ ನಕ್ಷೆ ಮಾಡಿದ ಅನುಭವ ಇರಬೇಕು. ಬೇಸಗೆಯಲ್ಲಿ ದೊಡ್ಡ ಸಾಹೇಬರು ಬಂದು ಆ ಕೆಲಸವನ್ನು ಜಾಗದಲ್ಲೇ ನೋಡುತ್ತಾರೆ. ಅವರು ಒಪ್ಪಿದರೆ ಸಮುದ್ರ ನನ್ನದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ದಿಕ್ಕಿಗೂ ತಾಲೂಕುಗಳೇ ಇರುವವನು ನೀರಿನ ಅಂಚು ಎಲ್ಲಿಂದ ತರಲಿ? ಬೆಳಗ್ಗೆ ಹೊಳೆಯಿತು, ಗೋಪಿನಾಥಂ ಕಡೆ ಕಾವೇರಿ ಅಣೆಕಟ್ಟಿನ ಹಿನ್ನೀರಿದೆ. ಹೆಂಡತಿಗೆ ಹೇಳಿದೆ. ಕರಾವಳಿಯ ಮಳೆ ನಮ್ಮ ಮಳೆಯಂತಲ್ಲ ಅಂತ ಅವಳು ಅದೇ ದಿನ ಪೇಟೆಗೆ ಹೋಗಿ ದೊಡ್ಡ ದೊಡ್ಡ ಕೊಡೆ ತಂದು ಬೀರುವಿನ ಪಕ್ಕ ನಿಲ್ಲಿಸಿದಳು.

ಮಳೆಗಾಲ ಮುಗಿಯುವ ಹೊತ್ತು. ಅಪರೂಪಕ್ಕೊಮ್ಮೆ ಬರುವ ಬಸ್ಸು ಹಿಡಿದು, ನಾನೂ ಟೇಪಿನವನೂ ಕಾಡು ದಾಟಿ ಹಿನ್ನೀರಿನ ದಂಡೆಯ ಹಳ್ಳಿಗೆ ಹೋದೆವು. ನೀರು ದಡ ತುಂಬಿ ನಿಂತಿತ್ತು. ಒಬ್ಬ ಹಿರಿಯ, ಬಿಳಿ ಮೀಸೆಯವನು, ಹರಿಗೋಲನ್ನು ಮಗುಚಿ ಟಾರು ಬಳಿಯುತ್ತಿದ್ದ. ಅವರ ಬಾಯಲ್ಲಿ ಅದು ಪರಿಸಲು. ‘ನಿಮ್ಮ ಜಮೀನು ಎಲ್ಲಿದೆ, ತೋರಿಸ್ತೀರಾ?’ ಅಂದೆ.

‘ಸೆರಿ, ಬನ್ನಿ ಸಾ’ ಅಂತ ನಮ್ಮನ್ನು ಇನ್ನೊಂದು ಪರಿಸಲಿಗೆ ಹತ್ತಿಸಿಕೊಂಡ. ನೀರಿನ ನಡುವೆ ಹುಟ್ಟು ಹಾಕುವುದನ್ನು ನಿಲ್ಲಿಸಿದ.

‘ಇದೇ ಸಾ.’

‘ಯಾವುದು?’

‘ನಮ್ಮ ರಾಗಿ ಒಲ. ನೀವು ಈಗ ಬದಿನ ಮ್ಯಾಲೆ ಕೂತಿದ್ದೀರಿ.’

ನಾನು ಬಗ್ಗಿ ನೋಡಿದೆ. ಬರೀ ನೀರು. ಟೇಪಿನವನು ಹೆದರಿ ಪರಿಸಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಪರಿಸಲಿನವನು ವಿವರಿಸಿದ. ಬೇಸಗೆಯಲ್ಲಿ ನೀರು ಇಳಿದಾಗ ಅವರು ಈ ನೆಲದಲ್ಲಿ ರಾಗಿ, ಎಳ್ಳು, ಅವರೆ ಬೆಳೆಯುತ್ತಾರೆ. ನೀರು ಏರಿದಾಗ ಅವರವರ ಹೊಲದ ಮೇಲೆ ಅವರವರೇ ಮೀನು ಹಿಡಿಯುತ್ತಾರೆ. ಪಕ್ಕದವನ ಹೊಲದ ಮೇಲೆ ಬಲೆ ಬಿಡುವಂತಿಲ್ಲ. ಅಷ್ಟರಲ್ಲಿ ಇನ್ನೊಂದು ಪರಿಸಲು ತಿರುಗುತ್ತಾ ಬಂತು. ನಮ್ಮವನು ಎದ್ದು ನಿಂತು ಕೂಗಾಡತೊಡಗಿದ. ‘ಲೇ, ನಮ್ಮ ಒಲ್ದೊಳೀಕೆ ಬಂದಿದ್ದೀಯ, ಆಚ್ಕೋಗ್ಲಾ!’ ಅವನು ಆಚೆ ಹೋದ ಮೇಲೆ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದ.

‘ಪಕ್ಕದ ಒಲ್ದವನು ಸಾ. ಗೊಬ್ರ ಆಕಿದ್ದು ನಾನು. ಮೀನು ಮಾತ್ರ ಎಲ್ಲಾ ಅವನ ಒಲ್ದಲ್ಲೇ ಓಗಿ ಕೂತ್ಕತವೆ. ನೋಡಿದ್ರೆ ಒಟ್ಟೆ ಉರೀತದೆ.’

ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನಿಸಿತು. ನೂರಾರು ಮೈಲಿ ಹುಡುಕಿದರೂ ಸಿಗದ ನನ್ನ ಜಾತಿಯ ಮನುಷ್ಯ ಇಲ್ಲಿ ನೀರಿನ ನಡುವೆ ಸಿಕ್ಕಿದ್ದ.

‘ನಿಮ್ಮನ್ನ ರೈತರು ಅಂತ ಬರೀಲಾ, ಮೀನುಗಾರರು ಅಂತ ಬರೀಲಾ?’ ಅಂತ ಕೇಳಿದೆ.

ಅವನು ನೀರಿಗೆ ಕೈ ಅದ್ದಿ ನೋಡಿ ಹೇಳಿದ. ‘ಈಗ ಮೀನುಗಾರರು ಸಾ. ಯುಗಾದಿ ಒತ್ಗೆ ಬನ್ನಿ, ರೈತರಾಗಿರ್ತೀವಿ.’

ಕಚೇರಿಗೆ ಬಂದು ಬಣ್ಣದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತೆ. ಹಸಿರು ಬಳಿದರೆ ನೀರಿಗೆ ಅನ್ಯಾಯ, ನೀರಿನ ಬಣ್ಣ ಬಳಿದರೆ ರಾಗಿಗೆ ಅನ್ಯಾಯ. ಟೇಪಿನವನು ಹಿಂದಿನಿಂದ ಇಣುಕಿ, ‘ಒಂದು ಪಟ್ಟೆ ಅದು, ಒಂದು ಪಟ್ಟೆ ಇದು ಎಳೀರಿ ಸಾ’ ಅಂದ. ಬೇರೆ ದಾರಿ ಕಾಣದೆ ಹಾಗೇ ಎಳೆದೆ. ಗೋಡೆಗೆ ತಗುಲಿಸಿ ದೂರ ನಿಂತು ನೋಡಿದೆವು. ‘ಚೆಂದಾಗದೆ ಸಾ’ ಅಂದ ಟೇಪಿನವನು, ‘ನನ್ನ ಲುಂಗಿನೂ ಇಂಗೇ ಅದೆ.’

ನೀರಿನ ಗಡಿ

ನಕ್ಷೆ ಆಯಿತು, ಇನ್ನು ಗಡಿ. ಗೆಳೆಯನನ್ನೇ ಕೇಳಿದೆ. ‘ಸಮುದ್ರದ ದಂಡೆಯಲ್ಲಿ ನೀವು ಹೇಗೆ ಮಾಡ್ತೀರಿ?’

‘ಬಹಳ ಸುಲಭ ಮಾರಾಯ. ನೀರು ಏರಿದಾಗ ಎಲ್ಲಿಯವರೆಗೆ ಬರ್ತದೋ ಅಲ್ಲಿ ಒಂದು ಗೆರೆ. ಆ ಗೆರೆಯಿಂದ ಇಷ್ಟು ದೂರ ಯಾರೂ ಮನೆ ಕಟ್ಟುವ ಹಾಗಿಲ್ಲ. ಬಲೆ ಒಣಗಿಸುವ ಜಾಗ, ದೋಣಿ ಎಳೆಯುವ ಜಾಗ, ಮೀನುಗಾರರ ಮನೆ, ರೆಸಾರ್ಟು, ಎಲ್ಲ ಲೆಕ್ಕವೂ ಆ ಗೆರೆಯಿಂದಲೇ. ಗೆರೆ ತಪ್ಪಿದರೆ ಎಲ್ಲವೂ ತಪ್ಪಿತು.’

ಮತ್ತೆ ಹಳ್ಳಿಗೆ ಹೋದೆ. ನೀರು ಇನ್ನೂ ತುಂಬಿಯೇ ಇತ್ತು. ಒಬ್ಬರು ಹೊರಬಹುದಾದಂಥ ಕಲ್ಲುಗಳನ್ನು ಆರಿಸಿ, ಸುಣ್ಣ ಬಳಿದು, ಅದರ ಮೇಲೆ ನನ್ನ ಕೈಯಿಂದಲೇ ಒಂದು, ಎರಡು, ಮೂರು ಅಂತ ಕೆಂಪು ಬಣ್ಣದಲ್ಲಿ ಅಂಕಿ ಬರೆದು, ನೀರಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದೆ. ಪರಿಸಲಿನವನನ್ನು ಕರೆದು ಗಂಭೀರವಾಗಿ ಹೇಳಿದೆ. ‘ಇದು ನೀರಿನ ಗಡಿ. ನಾನು ಬರುವವರೆಗೂ ಜೋಪಾನ. ನನ್ನ ಜೀವನ ಈ ಕಲ್ಲಿನ ಮೇಲೆ ನಿಂತಿದೆ.’

‘ನೀವೇನೂ ಯೋಚ್ನೆ ಮಾಡ್ಬ್ಯಾಡಿ ಸಾ’ ಅಂದ ಅವನು. ಆ ಮಾತನ್ನು ನಂಬಿ ನಾನು ನೆಮ್ಮದಿಯಾಗಿದ್ದೆ.

ಬೇಸಗೆ ಬಂತು. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಪಕ್ಕದಲ್ಲಿ ಯಾರು ಅಂತೀರಿ? ಕರಾವಳಿಯ ತಜ್ಞ ಅಂತ ನನ್ನ ಗೆಳೆಯನೇ! ಕೂಲಿಂಗ್ ಗ್ಲಾಸಿನಲ್ಲಿ, ಸೆಂಟಿನಲ್ಲಿ. ನಾನು ಹಲ್ಲು ಕಡಿದುಕೊಂಡು ಹಿಂದಿನ ಸೀಟಿನಲ್ಲಿ ಟೇಪಿನವನ ಜೊತೆ ಕೂತೆ.

ದಿಬ್ಬದ ಮೇಲಿಂದಲೇ ಕಲ್ಲುಗಳಿಗಾಗಿ ಕಣ್ಣಾಡಿಸಿದೆ. ನಾನು ಕಲ್ಲು ನಿಲ್ಲಿಸಿದ ಜಾಗದಲ್ಲಿ ಒಂದು ಕಲ್ಲೂ ಇಲ್ಲ. ನೀರು ಎಷ್ಟೋ ದೂರ ಹಿಂದೆ ಸರಿದಿತ್ತು, ಅದು ಬಿಟ್ಟುಹೋದ ನೆಲದಲ್ಲಿ ರಾಗಿ ಹಸಿರಾಗಿ ನಿಂತಿತ್ತು. ಆದರೆ ಆ ರಾಗಿಯಾಚೆ, ಈಗಿನ ನೀರಿನ ಅಂಚಿಗೆ ಸರಿಯಾಗಿ, ಹೊಸದಾಗಿ ಸುಣ್ಣ ಹೊಡೆದ ಕಲ್ಲುಗಳು ಸಾಲಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ನನಗೆ ಏನೂ ಅರ್ಥವಾಗಲಿಲ್ಲ.

ಸಾಹೇಬರು ಇಳಿದು ಕಲ್ಲಿನ ಹತ್ತಿರ ಹೋದವರೇ ಬೆರಗಾದರು. ‘ಭೇಷ್! ಅಲೆ ಬಂದು ಕಲ್ಲು ಮುಟ್ಟಿ ಹೋಗುತ್ತಿದೆ! ಎಂಥ ಕರಾರುವಾಕ್ ಕೆಲಸ!’ ಅಂತ ನನ್ನ ಬೆನ್ನು ತಟ್ಟಿದರು. ಆಮೇಲೆ ಗೆಳೆಯನ ಕಡೆ ತಿರುಗಿ, ‘ನೋಡ್ರೀ, ನಿಮ್ಮ ಕಲ್ಲುಗಳನ್ನ ತೆಂಗಿನ ತೋಟದಲ್ಲಿ ಹುಡುಕಬೇಕು. ಕೆಲಸ ಅಂದರೆ ಇದು’ ಅಂದರು.

ಗೆಳೆಯನ ಮುಖ ಕಪ್ಪಿಟ್ಟಿತು. ಆ ಮುಖಕ್ಕಾಗಿ ನಾನು ಪಾಲಿಟೆಕ್ನಿಕ್‌ನಿಂದ ಈಚೆಗೆ ಕಾದಿದ್ದೆ. ಅವನಿಗೂ ಹೊಟ್ಟೆ ಉರಿಯುತ್ತದೆ, ಉರಿದಾಗ ಹೀಗೆ ಕಾಣುತ್ತದೆ! ಕಲ್ಲು ಹೇಗೆ ಬಂತೋ ಬಂತು, ಸಮುದ್ರ ಬಂದರೆ ಸಾಕು ಅಂದುಕೊಂಡು ಸುಮ್ಮನೆ ನಿಂತೆ.

ಆದರೆ ಉರಿ ಹತ್ತಿದವನು ಸುಮ್ಮನಿರುತ್ತಾನಾ? ‘ಒಂದು ನಿಮಿಷ ಸರ್’ ಅಂದ ಗೆಳೆಯ. ‘ಇದು ಬೇಸಗೆ. ನೀರು ಇಳಿದಿದೆ. ಮಳೆಗಾಲದ ಗೆರೆ ಇಲ್ಲಿ ಹೇಗೆ ಇರ್ತದೆ?’

ನಾನು ಕೆಮ್ಮಿದೆ. ಅಷ್ಟರಲ್ಲಿ ಪರಿಸಲಿನವನು ಓಡಿ ಬಂದು ಟವೆಲ್ಲು ತೆಗೆದು ಕೈಮುಗಿದ. ಮುಖದ ತುಂಬ ಹೆಮ್ಮೆ.

‘ವಾರವಾರನೂ ನಾವೇ ಎತ್ತಿ ಎತ್ತಿ ಮಡಗ್ತಿದ್ದೀವಿ ಸಾ! ನೀರು ಮುಂದ್ಕೆ ಓಯ್ತಾ ಓಯ್ತಾ ಇತ್ತು. ನೀರಿನ ಗಡಿ, ಜೋಪಾನ ಅಂತ ಇವ್ರು ಏಳಿ ಓಗಿದ್ರಲ್ಲ, ಗಡಿ ಅಲ್ಲೇ ಬುಟ್ರೆ ನೀರು ಕಳ್ದೋಗ್ಬುಡಕಿಲ್ವಾ? ಊರೋರೆಲ್ಲಾ ಸೇರಿ ಒಂದು ದಿನಾನೂ ಹಿಂದ್ಕೆ ಬೀಳಿಸ್ಲಿಲ್ಲ ಸಾ. ನೀವು ಬರ್ದಿದ್ದ ಅಂಕಿ ಬುಟ್ಟು ಸುಣ್ಣನೂ ನಾವೇ ಒಡ್ದಿದ್ದೀವಿ.’

ಸಾಹೇಬರು ನಕ್ಕರು. ನಗುತ್ತಾ ನಗುತ್ತಾ ಕಾಲು ನಿಲ್ಲದೆ ಮೂರನೇ ಕಲ್ಲಿನ ಮೇಲೆಯೇ ಕೂತರು. ಪರಿಸಲಿನವನು ಸುಣ್ಣ ಒಣಗಿಲ್ಲ ಅಂತ ಹೇಳುವಷ್ಟರಲ್ಲಿ ಅವರ ಪ್ಯಾಂಟು ಬೆಳ್ಳಗಾಗಿತ್ತು. ಕಣ್ಣೊರೆಸಿಕೊಂಡು ಎದ್ದು ನನಗೆ ಹೇಳಿದರು. ‘ನಿಮ್ಮನ್ನ ಕರಾವಳಿಗೆ ಕಳಿಸಿದರೆ ಕಷ್ಟ ಇದೆ. ವರ್ಷ ಕಳೆಯುವುದರೊಳಗೆ ಕರ್ನಾಟಕ ಅರಬ್ಬೀ ಸಮುದ್ರದೊಳಗೆ ಅರ್ಧ ಮೈಲಿ ಹೋಗಿರುತ್ತದೆ.’

ಏಳನೇ ಕಲ್ಲು

ಆ ಜಾಗ ನನಗೆ ಸಿಗಲಿಲ್ಲ. ಸಿಕ್ಕಿದ್ದು ಕೆರೆಯೂ ಇಲ್ಲದ ಊರಿನ ಒಬ್ಬನಿಗೆ. ಅವನಿಗೆ ಮೇಲೆ ಯಾರೋ ಇದ್ದರಂತೆ. ಹೆಂಡತಿ ತಂದ ಕೊಡೆಗಳು ಬೀರುವಿನ ಪಕ್ಕದಲ್ಲಿ ಹಾಗೇ ನಿಂತಿವೆ. ಕೊಳ್ಳೇಗಾಲದ ಬಿಸಿಲಿಗೂ ಆಗುತ್ತವೆ ಅಂತ ಅವಳು ಒಮ್ಮೆ ಅಂದಳು. ನಾನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ನನ್ನ ಸಮುದ್ರ ಕೈತಪ್ಪಿ ಹೋಗಿತ್ತು. ಅದರ ಸಂಕಟ ಇನ್ನೊಬ್ಬರಿಗೆ ಹೇಳಿದರೆ ನಗುತ್ತಾರೆ, ಅದಕ್ಕೇ ಹೇಳುತ್ತಿರಲಿಲ್ಲ.

ಇತ್ತ ಪರಿಸಲಿನವನು ಫೋನಿನ ಮೇಲೆ ಫೋನು ಮಾಡತೊಡಗಿದ. ‘ಸಾ, ನೀವು ಬಂದೋದ ದಿನದಿಂದ ಏಳ್ನೇ ಕಲ್ಲು ಕಾಣಾಕಿಲ್ಲ. ಪಕ್ಕದ ಒಲ್ದವನೇ ತಕಂಡವ್ನೆ ಸಾ. ನಮ್ಮ ಒಲದ ಮುಂದಿದ್ದ ಕಲ್ಲು ಅದು. ಅವನಿಗೆ ಒಟ್ಟೆಕಿಚ್ಚು.’ ಅವರಿಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಕಲ್ಲು ಹೋದರೆ ಹೋಗಲಿ, ಎಲ್ಲ ಮುಗಿಯಿತಲ್ಲ ಅಂದೆ. ‘ಅದೆಂಗ್ ಸಾ ಆಯ್ತದೆ? ನೀವು ನಂಬಿ ಕೊಟ್ಟೋಗಿದ್ರಿ’ ಅಂತ ಅವನು ಬೇಜಾರು ಮಾಡಿಕೊಂಡ.

ಇದಾಗಿ ಕೆಲವು ತಿಂಗಳಿಗೆ ಒಂದು ಬೆಳಗ್ಗೆ ಮೊಬೈಲಿಗೆ ಫೋಟೋ ಬಂತು. ಮರಳು, ನೊರೆ, ಎರಡು ಪಾದ. ಆದರೆ ಮರಳಿನ ಬಣ್ಣ ಬೇರೆ, ನೀರಿನ ಬಣ್ಣ ಬೇರೆ, ಹಿಂದೆ ಓಡಾಡುತ್ತಿದ್ದವರೆಲ್ಲ ಪರದೇಶದವರು. ಪಾದಗಳ ನಡುವೆ ಒಂದು ಬಿಳಿ ಕಲ್ಲು. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಏಳು. ಆ ಏಳನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ, ಅದು ನಾನು ಬರೆದ ಏಳು!

ಫೋನು ಮಾಡಿದೆ. ಗೆಳೆಯ ಸಂಭ್ರಮದಲ್ಲಿದ್ದ. ಆ ದಿನ ನೆನಪಿಗಿರಲಿ ಅಂತ ಒಂದು ಕಲ್ಲನ್ನು ಯಾರಿಗೂ ಕಾಣದಂತೆ ಜೀಪಿನ ಸೀಟಿನಡಿ ಹಾಕಿಕೊಂಡಿದ್ದನಂತೆ. ಆಮೇಲೆ ಯಾವುದೋ ಸಭೆಯಲ್ಲಿ, ನೀರು ಸರಿದಂತೆ ಜನರೇ ಕಾಯುವ ಗಡಿ ಅಂತ ಮಾತಾಡಿದನಂತೆ. ಸಮುದ್ರ ವರ್ಷವರ್ಷವೂ ದಂಡೆ ತಿನ್ನುವ ಕಡೆಯವರಿಗೆಲ್ಲ ಅದು ಬಹಳ ಹಿಡಿಸಿತಂತೆ. ಒಂದೇ ಗೆರೆ ಹಿಡಿದು ಕೂತರೆ ಆಗುವುದಿಲ್ಲ, ಗೆರೆಯೂ ನೀರಿನ ಜೊತೆ ನಡೆಯಬೇಕು ಅಂತ ಅವರೂ ಒಪ್ಪಿ ಅವನನ್ನು ವಿಮಾನದಲ್ಲಿ ಕರೆಸಿಕೊಂಡರಂತೆ. ‘ಪೆಟ್ಟಿಗೆ ಭಾರ ಆಯ್ತು ಅಂತ ಬಟ್ಟೆ ತೆಗೆದಿಟ್ಟು ಕಲ್ಲು ತಂದೆ ಮಾರಾಯ’ ಅಂದ. ನಾನು ಫೋನು ಇಟ್ಟೆ. ನಾನು ಬರೆದ ಏಳು ಪರದೇಶಕ್ಕೆ ಹೋಗಿತ್ತು. ನಾನು ಹನೂರು ರಸ್ತೆಯಲ್ಲಿದ್ದೆ.

ಅಷ್ಟು ಹೊಟ್ಟೆಕಿಚ್ಚು ಒಬ್ಬನೇ ಹೊತ್ತುಕೊಂಡು ತಿರುಗಲು ಆಗಲಿಲ್ಲ. ಬಸ್ಸು ಹಿಡಿದು ಹಿನ್ನೀರಿನ ಹಳ್ಳಿಗೆ ಹೋದೆ. ನೀರು ಮತ್ತೆ ಏರಿತ್ತು. ಕಲ್ಲುಗಳೂ ಅದರ ಜೊತೆ ಹಿಂದಕ್ಕೆ ಬಂದು ನಾನು ಮೊದಲು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದವು. ಆರಾದ ಮೇಲೆ ಎಂಟು. ಪರಿಸಲಿನವನು ಬಂದ. ನಾನು ಮೊಬೈಲು ಅವನ ಕಣ್ಣ ಮುಂದೆ ಹಿಡಿದೆ.

ಅವನು ಬಹಳ ಹೊತ್ತು ನೋಡಿದ. ಮೊಬೈಲನ್ನು ಹತ್ತಿರ ತಂದ, ದೂರ ಹಿಡಿದ. ಆಮೇಲೆ ಎದುರಿನ ಹಿನ್ನೀರನ್ನು ನೋಡಿದ. ‘ಇದು ನಮ್ಮ ಏಳ್ನೇ ಕಲ್ಲಲ್ವಾ ಸಾ?’

‘ಹೌದು.’

‘ನಮ್ಮ ನೀರು ಅಲ್ಲೀಗಂಟ ಓಗಿತ್ತಾ?’

ನನಗೆ ನಗು ಬರಲಿಲ್ಲ. ಗೆಳೆಯ ಕದ್ದದ್ದು, ವಿಮಾನ ಹತ್ತಿದ್ದು, ಪರದೇಶ, ಮರ್ಯಾದೆ ಎಲ್ಲ ಹೇಳಿದೆ. ಅವನು ತಲೆದೂಗುತ್ತಾ ಕೇಳಿದ. ಪಕ್ಕದ ಹೊಲದವನು ಕಳ್ಳನಲ್ಲ ಅಂತಾದದ್ದು ಅವನಿಗೆ ಅಷ್ಟು ಇಷ್ಟವಾದಂತೆ ಕಾಣಲಿಲ್ಲ.

‘ಕಲ್ಲು ನಿಮ್ದು, ಬರ್ದವ್ರು ನೀವು. ನೀವ್ಯಾಕೆ ಓಗ್ಲಿಲ್ಲ ಸಾ?’ ಅಂದ.

‘ನಾನೆಲ್ಲಿ ಹೋಗಲಿ’ ಅಂದೆ. ಇಷ್ಟು ದಿನ ತಡೆದುಕೊಂಡಿದ್ದೆಲ್ಲ ಬಾಯಿಗೆ ಬಂತು. ‘ಕಲ್ಲಿಗಾದರೂ ಎತ್ತಿಕೊಂಡು ಹೋಗುವವರು ಸಿಕ್ಕಿದರು. ನನ್ನನ್ನ ಎತ್ತಿ ಆ ಸಮುದ್ರದ ಹತ್ತಿರ ಇಡುವವರು ಒಬ್ಬರೂ ಇಲ್ಲವಲ್ಲ!’

ಪರಿಸಲಿನವನು ನನ್ನನ್ನು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಬಹಳ ಅಕ್ಕರೆಯಿಂದ ಹೇಳಿದ.

‘ಏಳ್ನೇ ಕಲ್ಲು ಅಗೂರ ಇತ್ತು ಸಾ. ನೀವು ವಸಿ ತೂಕ.’